ಕೀರ್ತಿಶೇಷರನ್ನು ಮುಂಜಾನೆ ಆರಕ್ಕೆ ಒಳಗೆ ಬಿಟ್ಟ ಲಾಗಿನ್ ಅವರಿಗೆ

ಆದೋನಿ,
೧೨ ಸೆಪ್ಟೆಂಬರ್ ೧೯೮೮

ಮಾನ್ಯ ಲಾಗಿನ್ ಮಹಾಶಯರೇ,

ನಮ್ಮ ನೂಲಿನ ಗಿರಣಿಯ ಯುನಿಕ್ಸ್ ಕಂಪ್ಯೂಟರಿನ ಹೆಬ್ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಹಸಿರು ಅಕ್ಷರಗಳಲ್ಲಿ ಮೊದಲು ಹೆಸರು, ಆಮೇಲೆ ಗುಟ್ಟಿನ ಪದ ಕೇಳಿ, ಎರಡೂ ಒಪ್ಪಿಗೆಯಾದರೆ ಮಾತ್ರ ಒಳಗೆ ಬಿಡುವ ತಮ್ಮ ಪಾದಾರವಿಂದಗಳಿಗೆ, ಅವು ಎಲ್ಲಿವೆಯೋ ತಿಳಿಯದಿದ್ದರೂ, ಟೈಮ್‌ಕೀಪರ್ ಜಯತೀರ್ಥನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ಹುಲುಗಮ್ಮನೊಬ್ಬಳನ್ನು ಬಿಟ್ಟು ಎಲ್ಲರೂ ಕ್ಷೇಮ.

ಕಳೆದ ಮಾರ್ಚಿನಲ್ಲಿ ಹೈದರಾಬಾದಿನಿಂದ ಬಂದ ಎಂಜಿನಿಯರರು ಒಂದು ಕಡತದಲ್ಲಿ ಗಿರಣಿಯ ಒಂದೊಂದು ಕಂಪ್ಯೂಟರ್ ತೆರೆಗೆ ಒಂದೊಂದು ಸಾಲು ಬರೆದು ತಮ್ಮನ್ನು ಪ್ರತಿಷ್ಠಾಪಿಸಿದ್ದನ್ನು ನಾನು ಕಣ್ಣಾರೆ ಕಂಡವನು. ನನ್ನ ತೆರೆಯ ಸಾಲಿನಲ್ಲಿ ಅಕ್ಷರ ಕಳಿಸುವ ವೇಗವನ್ನು ತಪ್ಪಾಗಿ ಬರೆದದ್ದರಿಂದ ಮೊದಲ ವಾರ ತಾವು ಇರುವೆ ಹರಿದಂಥ ಅಕ್ಷರಗಳಲ್ಲೇ ಮಾತಾಡಿದಿರಿ; ನಾನು ಅದನ್ನೂ ಗೌರವದಿಂದಲೇ ಓದಿದೆ. ಒಳಗೆ ಹೋದವರು ಕೆಲಸ ಮುಗಿಸಿ ಹೊರಬಿದ್ದ ಕೂಡಲೇ ತಾವು ಮತ್ತೆ ಹುಟ್ಟಿ ಬಾಗಿಲಲ್ಲಿ ನಿಲ್ಲುವಂತೆ ಆ ಸಾಲಿನಲ್ಲೇ ಬರೆದಿದೆಯೆಂದು ಅವರು ವಿವರಿಸಿದರು. ಪುನರ್ಜನ್ಮ ತಪ್ಪಲೆಂದು ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಏಕಾದಶಿ ಮಾಡುತ್ತಿದ್ದೇವೆ. ತಾವು ದಿನಕ್ಕೆ ನಲವತ್ತು ಸಲ ಹುಟ್ಟಿಯೂ ಬೇಸರಪಡುವುದಿಲ್ಲ.

ತಮ್ಮಲ್ಲಿ ದೋಷವಿಲ್ಲ. ದೋಷವೇನಿದ್ದರೂ ತಮ್ಮ ಕೈಗೆ ಕೊಟ್ಟ ಪಟ್ಟಿಯದು. ಯಾರು ಯಾರನ್ನು ಒಳಗೆ ಬಿಡಬೇಕು, ಹದಿನಾರು ಹೆಸರು ಮೀರದಂತೆ ಬರೆದುಕೊಡಿ ಎಂದು ಎಂಜಿನಿಯರರು ಕೇಳಿದಾಗ, ಇಪ್ಪತ್ತು ವರ್ಷಗಳಿಂದ ಮಾಲೀಕರ ಮನೆಯ ಲಗ್ನಪತ್ರಿಕೆಗಳನ್ನೆಲ್ಲ ಬರೆಯುತ್ತ ಬಂದ ನಮ್ಮ ಮ್ಯಾನೇಜರ್ ಎರ್ರಿಸ್ವಾಮಿಯವರು ತಮಗೆ ಗೊತ್ತಿದ್ದ ರೀತಿಯಲ್ಲೇ ಬರೆದುಕೊಟ್ಟರು. ತಲೆಯ ಮೇಲೆ ಉರುಕುಂದ ಈರಣ್ಣಸ್ವಾಮಿ ಪ್ರಸನ್ನ. ಕೆಳಗೆ ಹನ್ನೊಂದು ವರ್ಷಗಳ ಹಿಂದೆ ತೀರಿಕೊಂಡ ಗಿರಣಿಯ ಸ್ಥಾಪಕರು, ಮಾಲೀಕರ ತಂದೆ, ಕೀರ್ತಿಶೇಷ ಭೀಮಲಿಂಗಪ್ಪನವರ ಆಶೀರ್ವಾದ. ಆಮೇಲೆ ಮಾಲೀಕರು, ತಮ್ಮಂದಿರು, ಸೋದರಮಾವಂದಿರು, ಎಮ್ಮಿಗನೂರಿನ ಅಳಿಯಂದಿರು, ಅಳಿಯಂದಿರ ಅಣ್ಣ, ಕೊನೆಯಲ್ಲಿ ‘ಹಾಗೂ ಸಿಬ್ಬಂದಿ ವರ್ಗ’. ಕನ್ನಡ ಬಾರದ ಎಂಜಿನಿಯರರು ಯಾರಿಂದಲೋ ಓದಿಸಿಕೊಂಡು ಮೇಲಿನಿಂದ ಹದಿನಾರು ಹೆಸರು ಎಣಿಸಿ ತಮಗೆ ಒಪ್ಪಿಸಿದರು. ದಿನಾ ತಮ್ಮ ಮುಂದೆ ಕೂತು ಹಾಜರಿ ಹಾಕಬೇಕಾದ ನಾನು ಆ ‘ಹಾಗೂ’ವಿನಲ್ಲಿ ಉಳಿದೆ.

ನನ್ನ ಹೆಸರೊಂದನ್ನು ಸೇರಿಸಿರೆಂದು ಮ್ಯಾನೇಜರರನ್ನು ಕೇಳಿಕೊಂಡಾಗ ಅವರು, “ಹಿರೇರ ಹೆಸರು ತೆಗಿಯಾಕ ಬರತೈತೇನ್ರಿ ಆಚಾರ್ರೇ? ಅಪ್ಪನೋರು ಹೆಂಗೂ ಬರಂಗಿಲ್ಲ, ಅವರ ಹೆಸರಿನ್ಯಾಗ ಹೋಗ್ರಿ” ಎಂದು ಅಪ್ಪಣೆ ಕೊಡಿಸಿದರು. ಹದಿನಾರು ಜನಕ್ಕೂ ಗುಟ್ಟಿನ ಪದ ಒಂದೇ. ನಾನು ಮರೆತ ದಿನ ಚಹಾ ತರುವ ಪಕೀರಮ್ಮ ನೆನಪಿಸುತ್ತಿದ್ದಳು. ಹೀಗೆ ಆರು ತಿಂಗಳು ಕೀರ್ತಿಶೇಷರು ಮುಂಜಾನೆ ಆರಕ್ಕೆ ತಪ್ಪದೆ ಬಂದು ಹಾಜರಿ ಹಾಕಿದರು. ಬದುಕಿದ್ದಾಗ ಅವರು ಹತ್ತಕ್ಕೆ ಮುಂಚೆ ಬಂದವರಲ್ಲ. ತಾವು ಒಂದು ದಿನವಾದರೂ ಹುಬ್ಬೇರಿಸಲಿಲ್ಲ. ದೊಡ್ಡವರ ಮನೆಯ ಕಾವಲುಗಾರನಿಗೆ ಇರಬೇಕಾದ ಗುಣವೇ ಅದು.

ಈಗ ಹುಲುಗಮ್ಮನ ವಿಷಯ. ಪೆದ್ದಹರಿವಾಣದ ಈಕೆ ನಮ್ಮಲ್ಲಿ ನೂಲನ್ನು ಲಡಿಯಾಗಿ ಸುತ್ತುವ ವಿಭಾಗದ ತಾತ್ಕಾಲಿಕ ಕೆಲಸದವಳು. ವರ್ಷದಲ್ಲಿ ಇನ್ನೂರ ನಲವತ್ತು ದಿನ ತುಂಬಿಸಿದವರನ್ನು ಖಾಯಂ ಮಾಡಬೇಕೆಂಬುದು ಗಿರಣಿಯ ಕರಾರು. ಜ್ವರವಿದ್ದರೂ ಬಂದಳು, ತಂಗಿಯ ಮದುವೆಯ ದಿನ ಅಕ್ಷತೆ ಹಾಕಿ ನೇರ ಪಾಳಿಗೆ ಬಂದಳು, ನನ್ನ ಕಿಟಕಿಯ ಮುಂದೆ ನಿಂತು “ಇವತ್ತಿಗೆ ಎಷ್ಟಾತ್ರಿ ಸಾಮೀ?” ಎಂದು ಕೇಳದೆ ಮುಂದೆ ಹೋದವಳಲ್ಲ. ಆಗಸ್ಟ್ ಕೊನೆಯಲ್ಲಿ ಇನ್ನೂರ ನಲವತ್ತೊಂದು ಆಯಿತೆಂದು ನಾನೇ ಹೇಳಿದೆ, ಆಕೆಯೇ ತಂದ ಬೆಲ್ಲ ತಿಂದೆ.

ಮರುದಿನವೇ, ಸತ್ತವರ ಹೆಸರು ಯಂತ್ರದಲ್ಲಿರುವುದು ಅಶುಭವೆಂದು ಮ್ಯಾನೇಜರರಿಗೆ ಹೊಳೆಯಿತು. ಆರು ತಿಂಗಳು ಇಲ್ಲದ ಮೈಲಿಗೆ ಅಂದೇ ಏಕೆ ತಟ್ಟಿತೆಂದು ಕೇಳುವಷ್ಟು ಉದ್ಧಟ ನಾನಲ್ಲ. ಹೈದರಾಬಾದಿಗೆ ಫೋನ್ ಮಾಡಿ ವಿಧಾನ ಕೇಳಿಕೊಂಡು, ಕೀರ್ತಿಶೇಷರ ಹೆಸರನ್ನೂ ಅವರ ಖಾನೆಯಲ್ಲಿದ್ದ ಸಮಸ್ತವನ್ನೂ ಒಂದೇ ಏಟಿಗೆ ಅಳಿಸಿದರು. ಹಿಂದಿನ ತಿಂಗಳುಗಳ ಹಾಜರಿ ಸಂಬಳದ ಲೆಕ್ಕಕ್ಕೆ ಅಚ್ಚಾಗಿ ಹೋಗಿತ್ತು; ನಾನು ಅವರ ಹೆಸರಿನಲ್ಲಿ ಹಾಕಿದ ಆಗಸ್ಟಿನ ಹಾಜರಿ ಇನ್ನೂ ಆ ಖಾನೆಯಲ್ಲೇ ಇತ್ತು. ಕಾಗದದ ಹಾಜರಿ ಪುಸ್ತಕವನ್ನು ತಾವು ಬಂದ ಸಂಭ್ರಮದಲ್ಲಿ ಮೊದಲೇ ನಿಲ್ಲಿಸಿದ್ದರು. ಖಾಯಂ ಇದ್ದವರ ದಿನಗಳನ್ನು ಬಾಯಿಮಾತಿನ ಮೇಲೆ ತುಂಬಿಕೊಂಡರು. ಹುಲುಗಮ್ಮನ ಇಪ್ಪತ್ತೆರಡು ದಿನಕ್ಕೆ ಮಾತ್ರ ಸಾಕ್ಷಿ ಬೇಕಾಯಿತು. “ಮಿಷನ್ನಿನ್ಯಾಗ ಇಲ್ಲಂದ್ರ ಇಲ್ಲಮ್ಮಾ, ನೇನೇಮಿ ಚೇಸೇದಿ?” ಎಂದು ಮ್ಯಾನೇಜರರು, ತಾವೇನು ಮಾಡಲಾದೀತೆಂದು ಕನ್ನಡ ತೆಲುಗು ಎರಡರಲ್ಲೂ ಕೈ ಚೆಲ್ಲಿ, ಸೋಮವಾರದಿಂದ ಬರಬೇಡವೆಂದರು. ಆಕೆ ನನ್ನ ಕಡೆ ನೋಡಿದಳು. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಆದರೆ ಮಹಾಶಯರೇ, ತಾವು ಒಂದು ಗುಪ್ತ ಪುಸ್ತಕವನ್ನು ಇಟ್ಟಿದ್ದೀರಿ. ಯಾರು, ಯಾವ ತೆರೆಯಿಂದ, ಎಷ್ಟು ಹೊತ್ತಿಗೆ ಬಂದರೆಂದು ಬರೆದಿಡುತ್ತೀರಿ. ಅದನ್ನು ಅಳಿಸಬೇಕೆಂದು ಫೋನಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಈರಣ್ಣಸ್ವಾಮಿಯ ಕ್ಷಮೆ ಬೇಡಿ, ಸ್ವಾಮಿಯ ಹೆಸರಿನಲ್ಲೇ ಒಳಗೆ ಹೋಗಿ ಅದನ್ನು ಅಚ್ಚು ಹಾಕಿಸಿದ್ದೇನೆ. ಆಗಸ್ಟಿನಲ್ಲಿ ಇಪ್ಪತ್ತೆರಡು ಮುಂಜಾನೆ ಭೀಮಲಿಂಗಪ್ಪನವರು ಟೈಮ್ ಆಫೀಸಿನ ತೆರೆಯಿಂದ ಆರಕ್ಕೆ ಬಂದರೆಂದು ತಮ್ಮ ಪುಸ್ತಕ ಹೇಳುತ್ತದೆ. ಅದು ನಿಜವಾದರೆ, ದಯಮಾಡಿ ಅವರನ್ನು ಇನ್ನೊಮ್ಮೆ ಕರೆಸಿ. ಗಿರಣಿಯ ಜೀಪು ಕಳಿಸುವಂತೆ ಮ್ಯಾನೇಜರರಿಗೆ ನಾನೇ ಹೇಳುತ್ತೇನೆ. ಲಡಿಯ ಮುಂದೆ ಹುಲುಗಮ್ಮ ನಿಂತದ್ದನ್ನು ಕಂಡಿರೋ ಇಲ್ಲವೋ ಎಂದು ಅವರನ್ನೇ ಕೇಳೋಣ. ಅವರಿಗೆ ಪುರುಸೊತ್ತಿಲ್ಲವಾದರೆ, ಬಂದವನು ನಾನು, ಆಕೆಯನ್ನು ಕಂಡು ಹಾಜರಿ ಹಾಕಿದವನೂ ನಾನೇ.

ಇದನ್ನೇ ಸಹಿ ಹಾಕಿ, ತಮ್ಮ ಪುಸ್ತಕದ ಅಚ್ಚಿನೊಂದಿಗೆ ಕರ್ನೂಲಿನ ಲೇಬರ್ ಆಫೀಸಿಗೆ ಕಳಿಸುತ್ತಿದ್ದೇನೆ. ಮಾಲೀಕರ ತಂದೆಯ ಹೆಸರಿನಲ್ಲಿ ಆರು ತಿಂಗಳು ನಟಿಸಿದವನ ಹದಿನೆಂಟು ವರ್ಷದ ನೌಕರಿ ಉಳಿಯುವುದು ಕಷ್ಟವೆಂದು ಬಲ್ಲೆ. ನನ್ನ ಹೆಂಡತಿ ಕಾವೇರಿಬಾಯಿ ಮಾತ್ರ, “ಆಕಿ ಬಂದಿದ್ದು ಖರೇ ಐತಿಲ್ಲ? ಹಂಗಾರ ಬರದು ಕೊಡ್ರಿ, ಮುಂದಿಂದು ಮುಂದ” ಎಂದಳು. ಕೊಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ಜಯತೀರ್ಥ
ಟೈಮ್‌ಕೀಪರ್, ಈ ಹೊತ್ತಿನವರೆಗೆ

ವಿ. ಸೂ.: ಲೇಬರ್ ಆಫೀಸಿನ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದ ಹುಲುಗಮ್ಮ, ಬೆರಳಿನ ಮಸಿ ಆರುವ ಮುಂಚೆ, ಈ ಹಸಿರು ಅಕ್ಷರ ಏನು ಕೇಳುತ್ತಿದೆಯೆಂದು ವಿಚಾರಿಸಿದಳು. ಹೆಸರು ಕೇಳುತ್ತಿದೆ ಎಂದೆ. “ಅಷ್ಟೇ ಏನ್ರಿ” ಎಂದು ತಮ್ಮ ಗಾಜಿನ ಮೇಲೆ, ತಾವು ಹೆಸರು ಕೇಳುವ ಜಾಗದ ನೆತ್ತಿಗೆ ಸರಿಯಾಗಿ ಹೆಬ್ಬೆಟ್ಟು ಒತ್ತಿ ಹೋದಳು. ಮ್ಯಾನೇಜರರು ಎರಡು ಸಲ ಒರೆಸಿದರು, ಹೋಗಲಿಲ್ಲ. ಇನ್ನು ಮೇಲೆ ಆ ತೆರೆಯಿಂದ ಒಳಗೆ ಹೋಗುವವರು ಮಾಲೀಕರೇ ಆಗಲಿ, ಆಕೆಯ ಹೆಬ್ಬೆಟ್ಟಿನ ಕೆಳಗೆ ತಮ್ಮ ಹೆಸರು ಬರೆದೇ ಹೋಗಬೇಕು.