ಕಪಾಟಿನ ಸಾರ್ವಕಾಲಿಕ ಚಾಂಪಿಯನ್

ಕನ್ನಡಕದಂಗಡಿ ಯಜಮಾನರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಆಕೆಗೆ ಇತಿಹಾಸಪ್ರಜ್ಞೆ ಇಲ್ಲ. ಇದ್ದಿದ್ದರೆ ನಡುಮನೆಯ ಕಪಾಟಿನ ಮೇಲೆ ಹೀಗೆ ಕಣ್ಣು ಹಾಕುತ್ತಿದ್ದಳೇ? ಒಂಬತ್ತು ವರ್ಷಗಳ ಫುಟ್‌ಬಾಲ್ ಭವಿಷ್ಯ ಸ್ಪರ್ಧೆಯ ದಾಖಲೆಗಳು ಅಲ್ಲಿ ವಿರಾಜಮಾನವಾಗಿದ್ದವು. ನೆಂಟರು, ಗೆಳೆಯರು ಸೇರಿ ಆಡುವ ಸ್ಪರ್ಧೆ. ಯಾವ ಪಂದ್ಯದಲ್ಲಿ ಯಾರಿಗೆ ಎಷ್ಟು ಗೋಲು ಎಂದು ವಾರವಾರವೂ ಮೊದಲೇ ಬರೆದು ಕೊಡಬೇಕು. ಅಂಕ ಹಾಕುವವರು, ಕಡತ ಕಟ್ಟುವವರು, ಜಗಳ ಬಿಡಿಸುವವರು ಎಲ್ಲ ಯಜಮಾನರೇ. (ಗೆಲ್ಲುವವರು ಮಾತ್ರ ಪ್ರತಿ ವರ್ಷವೂ ಬೇರೆಯವರು.)

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಗಿರಾಕಿಗಳ ಬಟ್ಟೆ ಮಂಚದ ಮೇಲೆ, ಕುರ್ಚಿಯ ಮೇಲೆ, ಕೊನೆಗೆ ಊಟದ ಮೇಜಿನ ಮೇಲೆ. ಅಂದು ಬೆಳಿಗ್ಗೆ ಯಜಮಾನರೇ ಯಾರದೋ ಬಿಳಿ ಕೋಟಿನ ಮೇಲೆ ಚಹಾ ಚೆಲ್ಲಿದರು.

"ರೀ, ಇನ್ನೂ ಎಷ್ಟು ಜನರ ಹತ್ರ ಬೈಸ್ಕೊಳ್ಳಲಿ ನಾನು? ಆ ರದ್ದಿ ತೆಗೆದು ಕಪಾಟು ನನಗೆ ಕೊಡಿ."

"ರದ್ದಿನಾ! ಒಂದು ವರ್ಷ ಗೆಲ್ಲೋದು ಅದೃಷ್ಟ ಕಣೇ. ಒಂಬತ್ತು ವರ್ಷದ್ದೂ ಕೂಡಿಸಿದ್ರೆ ಗೊತ್ತಾಗತ್ತೆ, ವಿದ್ಯೆ ಯಾರದು ಅಂತ."

"ಹಾಗಾದ್ರೆ ಕೂಡಿಸಿ. ಬರೀ ಬಾಯಲ್ಲೇ ಎಷ್ಟು ದಿನ ಗೆಲ್ತೀರಾ?"

ಯಜಮಾನರಿಗೆ ರೋಷ ಉಕ್ಕಿತು. "ಆಯ್ತು! ಒಟ್ಟು ಅಂಕದಲ್ಲಿ ಯಾರು ಮೊದಲೋ, ಕಪಾಟು ಅವರದ್ದು. ನಾನು ಮಾತು ಕೊಟ್ಟೆ ಅಂದ್ರೆ ಕೊಟ್ಟೆ!"

ಭಾನುವಾರ ಹೆಂಡತಿಯ ತಮ್ಮ ಲ್ಯಾಪ್‌ಟಾಪ್ ಹಿಡಿದು ಬಂದ. ಯಜಮಾನರು ಗಂಟಲು ಒಣಗುವ ತನಕ ಅಂಕ ಓದಿದರು, ಅವನು ಬೆರಳು ನೋಯುವ ತನಕ ಒತ್ತಿದ. ಕಡೆಗೆ ಪರದೆ ನೋಡಿ ತಲೆ ಕೆರೆದುಕೊಂಡ.

"ಭಾವ, ನೀವು ಎರಡನೆಯವರು."

"ಮೊದಲು ಯಾರೋ? ನೀನಾ?"

"ನಾನಲ್ಲ. ಅಕ್ಕ!"

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. "ನಾನಾ? ನಾನು ಯಾವಾಗ ಆಡ್ದೆ?"

ಆಕೆ ಆಡಿರಲೇ ಇಲ್ಲ. ಮೊದಲ ವರ್ಷ ಜನ ಕಡಿಮೆಯಾದರೆಂದು ಯಜಮಾನರೇ ಆಕೆಯ ಹೆಸರು ಸೇರಿಸಿದ್ದರು; ಆಮೇಲೆ ಅದು ಹಾಗೇ ಉಳಿದಿತ್ತು. ದಾಖಲೆಯಲ್ಲಿ ಒಂದು ಮನೆ ಖಾಲಿ ಇದ್ದರೂ ಅವರಿಗೆ ನಿದ್ದೆ ಬಾರದು. ಅದಕ್ಕೇ ಒಂದು ನಿಯಮ ಮಾಡಿದ್ದರು: ಭವಿಷ್ಯ ಕೊಡದವರ ಹೆಸರಿನಲ್ಲಿ 'ಎರಡೂ ತಂಡಕ್ಕೆ ಒಂದೊಂದು ಗೋಲು' ಎಂದು ಬರೆಯತಕ್ಕದ್ದು, ಅಂಕವನ್ನೂ ಹಾಕತಕ್ಕದ್ದು. ಬಹುಮಾನ ಕೊಡುವಾಗ ಅಂಥವರನ್ನು ಬಿಟ್ಟುಬಿಡುತ್ತಿದ್ದರು. ಲ್ಯಾಪ್‌ಟಾಪ್‌ಗೆ ಆ ದಾಕ್ಷಿಣ್ಯವೆಲ್ಲ ಎಲ್ಲಿಂದ ಬರಬೇಕು?

"ಆಡದೇ ಇರೋರು ಗೆಲ್ಲೋದು ಅಂದ್ರೇನೋ! ಯಾವ ಮುಟ್ಠಾಳ ಮಾಡಿದ ನಿಯಮ ಅದು?"

ಭಾವಮೈದುನ ಮೊದಲ ಕಡತದ ಮೊದಲ ಹಾಳೆಯನ್ನು ಮುಂದಿಟ್ಟ. ಕೆಳಗೆ ಹಸಿರು ಶಾಯಿಯಲ್ಲಿ ಯಜಮಾನರ ಸಹಿ, ಅದರಡಿ ಎರಡು ಗೆರೆ ಬೇರೆ.

ಸಂಜೆಯೊಳಗೆ ಇತಿಹಾಸವೆಲ್ಲ ಮಂಚದ ಕೆಳಗೆ ಸೇರಿತು. ಕಪಾಟಿನಲ್ಲಿ ಕೋಟುಗಳು ನೆಟ್ಟಗೆ ನಿಂತವು. ಯಜಮಾನರಿಗೆ ಹೊಟ್ಟೆ ಉರಿಯುತ್ತಿತ್ತು. ಆದರೂ ದನಿಗೆ ಬೆಣ್ಣೆ ಹಚ್ಚಿ ಹೇಳಿದರು, "ಇಷ್ಟು ಪ್ರತಿಭೆ ಇಟ್ಕೊಂಡು ಸುಮ್ನಿರಬಾರದು ಕಣೇ. ಈ ವರ್ಷದಿಂದ ನೀನೂ ಪಂದ್ಯ ನೋಡಿ, ಯೋಚನೆ ಮಾಡಿ, ಸರಿಯಾಗಿ ಭವಿಷ್ಯ ಬರೆದು ಕೊಡು."

ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ನಕ್ಕಳು.

"ಅಯ್ಯೋ, ಬೇಡಪ್ಪಾ. ಯೋಚನೆ ಮಾಡಿ ಬರೆದ್ರೆ ನಾನೂ ನಿಮ್ಮ ಥರ ಎರಡನೇ ಸ್ಥಾನಕ್ಕೆ ಬಂದ್ಬಿಡ್ತೀನಿ."