ತೊಡೆ ತಟ್ಟಿದ ಕ್ಯಾಚು

ಕೈಜಾರುವ ವಿಷಯದಲ್ಲಿ ನನ್ನಷ್ಟು ಅನುಭವಸ್ಥ ಹಳಿಯಾಳದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಚಹಾದ ಕಪ್ಪು, ಮೊಬೈಲು, ಕನ್ನಡಕ, ಮೊಸರಿನ ಗಡಿಗೆ, ಎಲ್ಲವೂ ನನ್ನ ಕೈಯಿಂದ ನೆಲ ಕಂಡಿವೆ. ಒಮ್ಮೆ ನೆರೆಮನೆಯವರ ಕೂಸನ್ನೂ ಬೀಳಿಸುವುದರಲ್ಲಿದ್ದೆ. ಪುಣ್ಯಕ್ಕೆ ಕೂಸೇ ನನ್ನ ಅಂಗಿ ಹಿಡಿದುಕೊಂಡು ಬಚಾವಾಯಿತು. ನಮ್ಮ ಮನೆಯಲ್ಲಿ ಎಲ್ಲೇ 'ಠಣ್' ಎನ್ನಲಿ, ಅದು ಬೆಕ್ಕಿನ ಕೆಲಸವೇ ಆಗಿರಲಿ, ನನ್ನ ಹೆಂಡತಿ ಗಿರಿಜೆ ಅಡುಗೆಮನೆಯಿಂದಲೇ "ಏನ್ ಕೆಡವಿದ್ರಿ?" ಎಂದು ನನ್ನನ್ನೇ ಕೇಳುತ್ತಾಳೆ. ಬಿಸಿ ಇತ್ತು, ಹಿಡಿಕೆ ಸಡಿಲಿತ್ತು, ಅಷ್ಟರಲ್ಲಿ ಫೋನು ಬಂತು ಎಂದು ನಾನು ಏನೇ ಹೇಳಹೋದರೂ ಅವಳದು ಒಂದೇ ಮಾತು: "ಬಿತ್ತಂದ್ರ ಬಿತ್ತು. ಕಥಿ ಹೇಳಬ್ಯಾಡ್ರಿ." ಇಂಥ ನನ್ನನ್ನು ಕರೆದು, ಬೇರೆಯವರ ಕೈಯಿಂದ ಬಿದ್ದದ್ದು ನಿಜಕ್ಕೂ ಬಿದ್ದಂತೆಯೋ ಅಲ್ಲವೋ ಎಂದು ತೀರ್ಪು ಹೇಳಲು ನಿಲ್ಲಿಸಿದರಲ್ಲ, ದೇವರಿಗೂ ಆಗಾಗ ಹೊತ್ತು ಹೋಗುವುದಿಲ್ಲ ಅಂತ ಕಾಣುತ್ತದೆ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ನಮ್ಮ ದೈಹಿಕ ಶಿಕ್ಷಕರು ಜೋಯಿಡಾ ಕಡೆಯ ನಾಯ್ಕ ಸರ್. ಯಾವುದೋ ತರಬೇತಿಗೆ ಹೋದವರು ಬರುವಾಗ ಬೇಸ್‌ಬಾಲ್ ಎಂಬ ಆಟವನ್ನು ಹಚ್ಚಿಕೊಂಡು ಬಂದರು. ಊರಿನ ಹುಡುಗರು ಶಾಲೆ ಬಿಟ್ಟ ಮೇಲೂ ಅದನ್ನು ಬಿಡಲಿಲ್ಲ. ಹಳಿಯಾಳದಲ್ಲೊಂದು ತಂಡ, ದಾಂಡೇಲಿಯಲ್ಲೊಂದು ತಂಡ ಆಯಿತು. ಆಡುವವರು ಸಿಕ್ಕರು, ಅಂಪೈರ್ ಸಿಗಲಿಲ್ಲ. ಇಂಗ್ಲಿಷಿನಲ್ಲಿದ್ದ ನಿಯಮದ ಪುಸ್ತಕವನ್ನು ನಾಯ್ಕ ಸರ್ ಬಿಟ್ಟರೆ ಓದಿದವನು ನಾನೊಬ್ಬನೇ, ಅದೂ ಜೆರಾಕ್ಸ್ ಮಾಡಿಸುವಾಗ ಮಷೀನು ಕೆಟ್ಟು ನಿಂತದ್ದರಿಂದ. ಕ್ಯಾಚಿನ ನಿಯಮ ಮಾತ್ರ ನನಗೆ ಬಗೆಹರಿಯಲಿಲ್ಲ. ಸರ್ ನೀರಿನ ತಂಬಿಗೆ ಹಿಡಿದು ತೋರಿಸಿದರು. "ನೋಡ್ರಿ, ಚೆಂಡು ಪೂರಾ ಹಿಡಿತಕ್ಕ ಬಂದಿರಬೇಕು. ಆಮ್ಯಾಲ ಅವನಾಗೇ ಬಿಟ್ರ, ಇಲ್ಲಾ ಎಸಿಲಿಕ್ಕೆ ತಗಿಯೋವಾಗ ಜಾರಿದ್ರ, ಔಟು. ಹಿಡಿಯೋವಾಗನ ಜಾರಿದ್ರ, ಇಲ್ಲಾ ಹಿಡಿಯಾಕ ಹೋಗಿ ತಾನೂ ಬಿದ್ದು ಚೆಂಡೂ ಬಿದ್ರ, ಔಟಲ್ಲ." ಎಷ್ಟು ಹೊತ್ತು ಹಿಡಿದಿರಬೇಕು ಎಂದು ಕೇಳಿದೆ. "ನಿಮಗ ಖಾತ್ರಿ ಆಗೂತನಕ," ಎಂದರು.

ನನಗಾದ ಸಂತೋಷ ಏನು ಹೇಳಲಿ! ಕೈಯಿಂದ ಬಿದ್ದ ವಸ್ತುವಿನ ಹಿಂದೆ ಮನುಷ್ಯನ ಮನಸ್ಸು ಹೇಗಿತ್ತು ಎಂದು ಕೇಳುವ ಒಂದು ಕಾನೂನು ಈ ಭೂಮಿಯ ಮೇಲೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ಸಂಜೆಯೇ ಬೇಳೆಯ ಡಬ್ಬಿ ಜಾರಿತು. ನಾನು ಧೈರ್ಯವಾಗಿ, "ಪೂರಾ ಹಿಡಿದಿದ್ದೆ, ಮುಚ್ಚಳ ತಗಿಯೋವಾಗ ಜಾರೇತಿ. ನಿಯಮದ ಪ್ರಕಾರ ಇದು ಬಿದ್ದಂಗಲ್ಲ," ಎಂದೆ. ಗಿರಿಜೆ ಮೂಲೆಯಿಂದ ಕಸಬರಿಗೆ ತಂದು ಕೈಗೆ ಕೊಟ್ಟು, "ಹಂಗಾರ ನಿಯಮದ ಪ್ರಕಾರ ಇದನ್ನ ಹಿಡೀರಿ. ಬ್ಯಾಳಿ ಬಳಿಯೋತನಕ ಬಿಡಬ್ಯಾಡ್ರಿ," ಎಂದಳು.

ಇರಲಿ, ಪಂದ್ಯದ ಮಾತಿಗೆ ಬರುತ್ತೇನೆ. ದಾಂಡೇಲಿಯ ಮೈದಾನದಲ್ಲಿ ಎರಡೂ ತಂಡಗಳಿಗೆ ಪಂದ್ಯ. ಹಳಿಯಾಳದ ಕಡೆ ಆಡುತ್ತಿದ್ದ ಬಸವರಾಜ ಗಿರಿಜೆಯ ಖಾಸಾ ತಮ್ಮ. ಅವನ ಭಾವನೇ ಅಂಪೈರ್ ಆಗುವುದು ಸರಿಯಲ್ಲ ಎಂದು ನಾನೇ ಹೇಳಿ ನೋಡಿದೆ. ಬೇರೆ ಯಾರಿಗೂ ನಿಯಮ ಗೊತ್ತಿಲ್ಲದ್ದರಿಂದ ದಾಂಡೇಲಿಯವರೂ ಒಪ್ಪಿಕೊಂಡರು. ಬಸು ಮೊದಲು ಗರಡಿಮನೆಯಲ್ಲಿ ಬೆಳೆದ ಪೈಲ್ವಾನ. ಆಮೇಲೆ ಕುಸ್ತಿ ಬಿಟ್ಟ, ಐಟಿಐ ಸೇರಿ ಅದನ್ನೂ ಬಿಟ್ಟ, ಎಮ್ಮೆ ಸಾಕಿ ಎಮ್ಮೆಯನ್ನೂ ಬಿಟ್ಟ. ಈಗ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜಿನಲ್ಲಿ ಚೆನ್ನಾಗಿ ನಿಂತಿದ್ದಾನೆ. ಆದರೆ ಹಿಡಿದದ್ದನ್ನೆಲ್ಲ ಬಿಡುವ ಹುಡುಗ ಎಂಬ ಹೆಸರು ಹೋಗಬೇಕಲ್ಲ! ಮುಂಡಗೋಡದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಹುಡುಗಿಯ ತಂದೆ ಫಕ್ಕೀರಪ್ಪನವರು ಭತ್ತದ ವ್ಯಾಪಾರಸ್ಥರು. ಮುಷ್ಟಿ ತುಂಬ ಕಾಳು ತೆಗೆದು ತಿಕ್ಕಿ ನೋಡದೆ ಚೀಲ ಇಳಿಸಿಕೊಳ್ಳದ ಆಸಾಮಿ. "ಹುಡುಗನ್ನ ನಾಕ ಮಂದ್ಯಾಗ ನೋಡ್ತೇನಿ, ಆಮ್ಯಾಲ ಮಾತು," ಎಂದು ಪಂದ್ಯಕ್ಕೇ ಬಂದು ಶಾಮಿಯಾನದಲ್ಲಿ ಕೂತಿದ್ದರು. ಪಂದ್ಯ ಮುಗಿಸಿ ಮೌಳಂಗಿಯ ಹೊಳೆ ದಂಡೆಯಲ್ಲಿ ಎಲ್ಲರೂ ಊಟ ಮಾಡುತ್ತ ಮಾತು ಗಟ್ಟಿ ಮಾಡುವುದೆಂದು ಗಿರಿಜೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಪಕ್ಕದಲ್ಲೇ ಇದ್ದಳು. ಮನೆ ಬಿಡುವಾಗ ನನಗೆ, "ನನ್ನ ತಮ್ಮಗ ಅನ್ಯಾಯ ಮಾಡಬ್ಯಾಡ್ರಿ, ನ್ಯಾಯಾನೂ ಹೆಚ್ಚಿಗಿ ಮಾಡಾಕ ಹೋಗಬ್ಯಾಡ್ರಿ," ಎಂದಿದ್ದಳು.

ಕೊನೆಯ ಪಾಳಿ. ದಾಂಡೇಲಿಯವರದು ಒಂದು ವಿಕೆಟ್ ಉಳಿದಿದೆ, ಕ್ರಿಕೆಟ್ ಭಾಷೆಯಲ್ಲಿ ಹೇಳಿದರೆ. ಅದು ಬಿದ್ದರೆ ಹಳಿಯಾಳ ಗೆದ್ದಂತೆ. ಬೀಳದೆ, ಮೈದಾನದ ಗುರುತುಗಳ ಮೇಲೆ ನಿಂತಿದ್ದ ಅವರ ಇಬ್ಬರು ಓಟಗಾರರು ಸುತ್ತು ಮುಗಿಸಿದರೆ ದಾಂಡೇಲಿ ಗೆದ್ದಂತೆ. ಚೆಂಡು ಆಕಾಶಕ್ಕೆ ಹೋಯಿತು. ಬಸು ಹಿಂದೆ ಹಿಂದೆ ಓಡಿ, ತಿರುಗಿ, ಎಡಗೈಯ ಗ್ಲೌಸ್ ಎತ್ತಿ ಹಿಡಿದ. ಅಬ್ಬಾ, ಎಂಥ ಕ್ಯಾಚು! ಗ್ಲೌಸಿನೊಳಗೆ ಇಣುಕಿ ಚೆಂಡು ನೋಡಿದ. ಶಾಮಿಯಾನದ ಕಡೆ ತಿರುಗಿ ಮಾವನಾಗುವವರನ್ನು ನೋಡಿ ಹಲ್ಲು ಬಿಟ್ಟ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗರಡಿಯ ಮಣ್ಣು ಮೈ ಬಿಡುತ್ತದೆಯೇ? ಎರಡೂ ಕೈ ಎತ್ತಿ ಎರಡೂ ತೊಡೆ 'ಫಟ್' ಎಂದು ತಟ್ಟಿದ. ಎಡತೊಡೆಗೆ ಗ್ಲೌಸ್ ಬಡಿಯಿತು, ಚೆಂಡು ಹೊರಗೆ ಹಾರಿ ಹುಲ್ಲಿನ ಮೇಲೆ ಉರುಳಿತು. ಓಡುವವರು ಓಡುತ್ತಲೇ ಇದ್ದರು. ಇಡೀ ಮೈದಾನ ನನ್ನ ಮುಖ ನೋಡಿತು.

ನಾನು ಅಂಪೈರ್ ಮಾಡಬಾರದ ಕೆಲಸ ಮಾಡಿದೆ. ಬಸುವನ್ನು ಹತ್ತಿರ ಕರೆದು, "ನೀನಾಗಿ ಬಿಟ್ಟ್ಯೋ, ಅದಾಗಿ ಬಿತ್ತೋ?" ಎಂದು ಕೇಳಿದೆ. ಸುಳ್ಳು ಹೇಳುವ ಬುದ್ಧಿ ಅವನಿಗಿಲ್ಲ. "ಖರೇ ಹೇಳಬೇಕಂದ್ರ ಭಾವಾ, ಕೈಯಾಗ ಚೆಂಡೈತಿ ಅನ್ನೂದ ಮರತ ಹೋಗಿತ್ತು," ಎಂದ. ಅಯ್ಯೋ ಶಿವನೇ! ಮರೆತು ಬಿಟ್ಟದ್ದು ಬಿಟ್ಟಂತೆಯೋ, ಬಿದ್ದಂತೆಯೋ? ಪುಸ್ತಕದಲ್ಲಿ ತೊಡೆ ತಟ್ಟುವ ಪ್ರಸ್ತಾಪವೇ ಇಲ್ಲ. ಔಟ್ ಕೊಟ್ಟರೆ ಭಾವಮೈದನ ಪಕ್ಷಪಾತ, ಕೊಡದಿದ್ದರೆ ಭಾವಮೈದನ ಮದುವೆ ಗೋತಾ. ಆಗ ಒಂದು ಮಾತು ಹೊಳೆಯಿತು: ಎದುರಾಳಿ ಪೂರಾ ಕೈಗೆ ಸಿಕ್ಕ ಖಾತ್ರಿಯಿಲ್ಲದೆ ಯಾವ ಪೈಲ್ವಾನನೂ ಗೆದ್ದೆನೆಂದು ತೊಡೆ ತಟ್ಟುವುದಿಲ್ಲ. ತಟ್ಟಿದನೆಂದರೆ ಹಿಡಿತ ಆಗಿತ್ತು ಅಂತಲೇ. ಮುಷ್ಟಿ ಎತ್ತಿ "ಔಟ್!" ಎಂದು ಕೂಗಿದೆ.

"ಹೆಂಡ್ತಿ ತಮ್ಮ ಅಂತ ಕೊಟ್ರಿ!" ಎಂದು ದಾಂಡೇಲಿಯವರು ಮುತ್ತಿದರು. ನಾಯ್ಕ ಸರ್ ನಡುವೆ ಬಂದು, ತೀರ್ಪು ಸರಿಯಿದೆ ಎಂದು ತಂಬಿಗೆಯಿಲ್ಲದೆಯೇ ವಿವರಿಸಿ ಸಮಾಧಾನ ಮಾಡಿದರು. ಆದರೆ ನನ್ನ ಕಣ್ಣು ಶಾಮಿಯಾನದ ಮೇಲಿತ್ತು. ಫಕ್ಕೀರಪ್ಪನವರು ಚಪ್ಪಲಿ ಮೆಟ್ಟಿಕೊಂಡು ನಿಧಾನ ಬಂದರು. "ಏನ್ರೀ ಇದರ ಲೆಕ್ಕ?" ಎಂದರು. ನಾನು ಹಿಡಿತ, ಖಾತ್ರಿ, ತೊಡೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಲೆ ಅಲ್ಲಾಡಿಸಿ, "ಅಂದ್ರ ಒಮ್ಮಿ ಗಟ್ಟಿ ಹಿಡಿದು ತೋರಿಸಿ, ಆಮ್ಯಾಲ ಮರತು ಬಿಟ್ರ ನಡೀತೈತಿ. ನಿಮ್ಮ ಮನ್ಯಾಗ ಹೆಣ್ಣು ಕೊಟ್ರೂ ಹಿಂಗ ಏನ್ರಿ?" ಎಂದುಬಿಟ್ಟರು.

ಬಸು ನೆಲ ನೋಡುತ್ತಿದ್ದ. ಅಷ್ಟು ದೊಡ್ಡ ಆಳಿನ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಗಿರಿಜೆ ಬುತ್ತಿಯ ಚೀಲದ ಸಮೇತ ಬಂದಳು. "ಕಾಕಾ, ಬಿಡೋ ಮಂದಿ ನಾವಲ್ಲ. ನನ್ನ ನೋಡ್ರಿ. ಈ ಮನಿಶ್ಯಾನ ಕೈಯಾಗ ಒಂದು ಕಪ್ಪು ಉಳದಿಲ್ಲ, ಒಂದು ಗಡಿಗಿ ಉಳದಿಲ್ಲ. ಆದ್ರೂ ನಾ ಇವರನ್ನ ಬಿಟ್ಟೇನೇನು? ಅವನೂ ನನ್ನ ಬೆನ್ನಿಗೆ ಬಿದ್ದಾಂವ ರೀ," ಎಂದಳು. ಫಕ್ಕೀರಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ, ಕಾಳು ನೋಡುವಂತೆ ನೋಡಿದರು. ಆಮೇಲೆ ಹೊಟ್ಟೆ ಅಲ್ಲಾಡಿಸಿ ನಗತೊಡಗಿದರು. "ಇವರನ್ನ ಹಿಡಕೊಂಡು ನಿಂತೀರಿ ಅಂದ್ರ ಗಟ್ಟಿ ಮನೆತನಾನ ಬಿಡವ್ವಾ. ನಡೀರಿ, ಊಟ ಮಾಡೂಣು," ಎಂದರು. ಭಾವಮೈದನ ಸಂಬಂಧ ಹೀಗೆ ನನ್ನ ಅಯೋಗ್ಯತನದ ಮೇಲೆ ಕುದುರಿತು.

ಮುಂಡಗೋಡದಲ್ಲಿ ಮದುವೆ ಗಟ್ಟಿ ಮಾಡಿ ಸಕ್ಕರೆ ಹಂಚುವ ಶಾಸ್ತ್ರದ ದಿನ, ಕಾಯಿ-ಸಕ್ಕರೆಯ ತಟ್ಟೆಯನ್ನು ಹುಡುಗನ ಮನೆಯ ಹಿರಿಯ ಅಳಿಯ ಎಂದು ನನ್ನ ಕೈಗೇ ಕೊಟ್ಟರು. ಎರಡೂ ಮನೆಯವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನೂ ಹಟಕ್ಕೆ ಬಿದ್ದೆ. ಎಲ್ಲರಿಗೂ ಖಾತ್ರಿಯಾಗಲಿ ಎಂದು ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು ನಿಂತೇ ನಿಂತೆ. ಮಂದಿ ಕೂತರು, ಮಾತು ಶುರುವಾಯಿತು, ನಾನು ಬಿಡಲಿಲ್ಲ. ಕಡೆಗೆ ಗಿರಿಜೆಯೇ ಮೆಲ್ಲಗೆ, "ಸಾಕು, ಇನ್ನ ಕೆಳಗಿಡ್ರಿ," ಎಂದಳು. ಆ ಹೆಮ್ಮೆಯಲ್ಲಿ, ನಾನಾಗಿಯೇ, ಪೂರ್ಣ ಮನಸ್ಸಿನಿಂದ ತಟ್ಟೆ ಬಿಟ್ಟೆ. ಟೀಪಾಯಿ ಒಂದು ಮಾರು ಆಚೆಗಿತ್ತು.

ಕಾಯಿ ಉರುಳಿ ಫಕ್ಕೀರಪ್ಪನವರ ಕಾಲಬುಡಕ್ಕೆ ಹೋಯಿತು. ಅವರು ಅದನ್ನು ಎತ್ತಿಕೊಂಡು, ನನ್ನ ಹಾಗೆಯೇ ಮುಷ್ಟಿ ಎತ್ತಿ, "ಹಿಡಿತ ಪೂರಾ ಇತ್ತು. ಔಟ್!" ಎಂದರು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಗಿರಿಜೆ ಮಾತ್ರ ನಗಲಿಲ್ಲ. ಸಕ್ಕರೆ ಬಳಿಯುತ್ತ, ನನಗಷ್ಟೇ ಕೇಳುವಂತೆ, "ಬಿತ್ತಂದ್ರ ಬಿತ್ತು," ಎಂದಳು. ತಮ್ಮನ ಮದುವೆ ಗಟ್ಟಿಯಾದ ದಿನವೂ ತೀರ್ಪು ಬದಲಿಸಲಿಲ್ಲ ನೋಡಿ. ಅಂಪೈರ್ ಎಂದರೆ ಹಾಗಿರಬೇಕು.