ಸೊಟ್ಟ ಕೋಡಣಸಿನ ರಿಪೇರಿ

ಕಾರಹುಣ್ಣಿಮೆಯ ಬೆಳಿಗ್ಗೆ ನಾನು ಹೆಂಡತಿ ಶಾಂತಾಳ ಮುಂದೆ ಒಂದು ಘನಘೋರ ಘೋಷಣೆ ಮಾಡಿದೆ. "ಕಂಚಗಾರ ಯಾಕ ಬೇಕು? ನಾನ ರಿಪೇರಿ ಮಾಡತೇನಿ!"

ರಿಪೇರಿಯಾಗಬೇಕಿದ್ದದ್ದು ಕೋಡಣಸು. ಹಬ್ಬದ ದಿನ ಎತ್ತಿನ ಕೊಂಬಿನ ತುದಿಗೆ ತೊಡಿಸುವ ಹಿತ್ತಾಳೆಯ ಟೊಪ್ಪಿಗೆ. ನಮ್ಮ ಎತ್ತು ಸರ್ಜಾನಿಗೆಂದು ಅಪ್ಪ ಮಾಡಿಸಿದ ಜೋಡಿ ಅದು. ಈಗ ಅಪ್ಪನೂ ಇಲ್ಲ, ಸರ್ಜಾನೂ ಇಲ್ಲ. ಇಂಡಿ ಊರಿನ ನಮ್ಮ ನಿಂಬೆ ತೋಟಕ್ಕೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. ಆದರೆ ಬದಿಯ ಹೊಲದ ಮೈಬೂಬಣ್ಣನ ಬಳಿ ಒಂದು ಎತ್ತಿದೆ, ಸರ್ಜಾನನ್ನು ಹೆತ್ತ ಆಕಳ ಪೀಳಿಗೆಯದೇ. ಅದಕ್ಕಾದರೂ ಆ ಜೋಡಿ ತೊಡಿಸಿ ಒಮ್ಮೆ ಕಣ್ಣುತುಂಬ ನೋಡಬೇಕೆಂದು ಅವ್ವನ ಆಸೆ.

ಅವ್ವ ಗುಡಿಗೆ ಹೋದ ಮೇಲೆ ಆ ಜೋಡಿ ಕಟ್ಟಿಟ್ಟಿದ್ದ ಗಂಟು ಬಿಚ್ಚಿದ್ದೆ. ಒಂದು ಕೋಡಣಸು ನೆಟ್ಟಗಿತ್ತು, ಇನ್ನೊಂದು ಸೊಟ್ಟಗಿತ್ತು. ಅದಕ್ಕೇ ಆ ಘೋಷಣೆ.

"ಅತ್ತಿ ಬರಲಿ, ಒಂದ್ ಮಾತ ಕೇಳ್ರಿ" ಎಂದಳು ಶಾಂತಾ.

"ಸೊಟ್ಟ ಆಗಿದ್ದು ಕಣ್ಣಿಗೆ ಕಾಣಾಕತ್ತೈತಿ. ಕೇಳೂದೇನೈತಿ?"

ಮೊಬೈಲಿನಲ್ಲಿ ನೋಡಿದಂತೆ ಗ್ಯಾಸಿನ ಮೇಲೆ ಕಾಯಿಸಿದೆ. ಒಳಗೆ ಆನಿಸಲು ಏನಾದರೂ ಬೇಕಲ್ಲ, ಹೋಳಿಗೆಯ ಲಟ್ಟಣಿಗೆ ತುರುಕಿ ಸುತ್ತಿಗೆಯಿಂದ ಬಡಿದೆ. ಮೊದಲ ಏಟು ಹಿತ್ತಾಳೆಗೆ. ಎರಡನೆಯದು ಹೆಬ್ಬೆರಳಿಗೆ!

ಬಡಿಯುತ್ತಿದ್ದರೆ ಹಳೆಯದೆಲ್ಲ ಎದ್ದು ಬಂತು. ಅಪ್ಪನ ಬೆನ್ನಿಗೆ ಆತು ಬಂಡಿಯಲ್ಲಿ ಕೂತು ಸಾಲೋಟಗಿಯ ಸೋದರತ್ತೆಯ ಮನೆಗೆ ಹೋಗುತ್ತಿದ್ದದ್ದು, ಸರ್ಜಾನ ಕೊರಳ ಗಂಟೆ, ಅಪ್ಪನ ತಂಬಾಕಿನ ವಾಸನೆ. ಕಣ್ಣು ಒದ್ದೆಯಾಯಿತು. ಅರ್ಧ ನೆನಪಿಗೆ, ಉಳಿದರ್ಧ ಹೊಗೆಗೆ. ಲಟ್ಟಣಿಗೆ ಸುಡುತ್ತಿತ್ತು!

ನೀರು ಸುರಿದೆ. ಕೋಡಣಸು ನೆಟ್ಟಗಾಗಿತ್ತು, ಆದರೆ ಲಟ್ಟಣಿಗೆಯನ್ನು ಬಿಡಲೊಲ್ಲದು.

"ಹೂರಣ ರುಬ್ಬೇನಿ, ಇನ್ನ ಹೋಳಿಗಿ ಹ್ಯಾಂಗ ಲಟ್ಟಿಸಲಿ? ನಿಮ್ಮ ಬೆನ್ನಿನ ಮ್ಯಾಲೇನ?" ಎಂದು ಶಾಂತಾ ಓಡಿಬಂದಳು.

ಅವಳು ಆ ಕಡೆ, ನಾನು ಈ ಕಡೆ ಹಿಡಿದು ಜಗ್ಗಿದೆವು. ಲಟ್ಟಣಿಗೆ ಅವಳ ಪಾಲಿಗೆ ಬಂತು. ನಾನು ಕೋಡಣಸಿನ ಸಮೇತ ನಿಂಬೆಹಣ್ಣಿನ ಬುಟ್ಟಿಯಲ್ಲಿ ಕುಳಿತಿದ್ದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಯಿಸಿ ಅಂಗಳದಲ್ಲಿ ಸನ್ಮಾನಕ್ಕೆ ಬಂದವನಂತೆ ನಿಂತೆ.

ಅವ್ವ ಬಂದಳು. ಹಿಂದೆಯೇ ಮೈಬೂಬಣ್ಣ ಎತ್ತು ಹಿಡಿದು ಬಂದ. ಬಲಗೊಂಬಿಗೆ ಕೋಡಣಸು ಸಲೀಸಾಗಿ ಕೂತಿತು. ಎಡಗೊಂಬಿಗೆ ಮಾತ್ರ ಹತ್ತಲಿಲ್ಲ. ಒತ್ತಿದೆ, ತಿರುವಿದೆ. ಎತ್ತು ತಲೆ ಕೊಡವಿತು. ಆಗ ಮೊದಲ ಸಲ ಅದರ ಎಡಗೊಂಬನ್ನು ಸರಿಯಾಗಿ ನೋಡಿದೆ. ತುದಿ ಸೊಟ್ಟ!

"ಏನ ಮಾಡಿದ್ಯೋ ಮಳ್ಳಾ?" ಅವ್ವ ಹಣೆ ಚಚ್ಚಿಕೊಂಡಳು. "ಸರ್ಜಾನ ಎಡಗೊಂಬೂ ಹುಟ್ಟಾ ಹಿಂಗ ಇತ್ತು. ನಿಮ್ಮಪ್ಪ ಕಂಚಗಾರನ್ನ ದನದ ಕೊಟಗ್ಯಾಗ ಕುಂಡ್ರಿಸಿ, ಕೊಂಬಿಗೆ ಹಿಡದು ಹಿಡದು ನೋಡಿ, ಸೊಟ್ಟನ ಮಾಡಿಸಿದ್ದ."

"ಸರ್ಜಾನ ಕೊಂಬು ನೆಟ್ಟಗಿದ್ದೂವಲ್ಲವ್ವಾ?"

"ನೀ ಬಂಡ್ಯಾಗ ಕುಂತು ಅದರ ಬಾಲಾ ನೋಡೀದಿ. ಮಾರಿ ಎಂದ್ ನೋಡೀದಿ?"

ಮೈಬೂಬಣ್ಣ ಗಂಭೀರವಾಗಿ ಹೇಳಿದ, "ಇನ್ನ ಎತ್ತಿನ ಕೊಂಬ ರಿಪೇರಿ ಮಾಡಬೇಕ ನೋಡ ತಮ್ಮಾ. ಸುತ್ತಿಗಿ ತರಬ್ಯಾಡ ಮತ್ತ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಒಂದು ಮೂಕಪ್ರಾಣಿಯ ಊನಕ್ಕೆ ಒಪ್ಪುವಂತೆ ಮಾಡಿಸಿದ ಒಡವೆಯನ್ನು ನಾನು ಒಂದೇ ಬೆಳಿಗ್ಗೆಯಲ್ಲಿ ಹಾಳು ಮಾಡಿದ್ದೆ.

ಅವ್ವ ನನ್ನ ಮುಖ ನೋಡಿದಳು. ಎತ್ತಿನ ಎಡಗೊಂಬಿಗೆ ಚೆಂಡುಹೂ ಸುತ್ತಿದಳು. ಆಮೇಲೆ ನನ್ನ ಕೈಯಿಂದ ಕೋಡಣಸು ಕಸಿದು ನನ್ನ ತಲೆಯ ಎಡಬದಿಗೆ ಹಿಡಿದು, "ಇಲ್ಲಿ ಬರೋಬ್ಬರಿ ಆತು ನೋಡ್ರಿ!" ಎಂದಳು.

ಶಾಂತಾ ಆರತಿ ತಂದಳು. ಅವ್ವ ಮೊದಲು ಎತ್ತಿಗೆ ಬೆಳಗಿ, ನಂತರ ಅಷ್ಟೇ ಭಕ್ತಿಯಿಂದ ನನಗೂ ಬೆಳಗಿದಳು.

ಸುಟ್ಟ ಲಟ್ಟಣಿಗೆಯಲ್ಲಿ ಆದದ್ದು ಒಂದೇ ಹೋಳಿಗೆ. ಅದು ಎತ್ತಿಗೆ ಹೋಯಿತು!